ಭದ್ರಾವತಿಯ ಕುಲುಮೆಯೂ ಕನ್ನಡಿಗರ ಮರೆವೂ

1923ನೆಯ ಇಸವಿಯ ಜನವರಿ ತಿಂಗಳಲ್ಲಿ ಭದ್ರಾವತಿಯ ಕಬ್ಬಿಣದ ಕಾರಖಾನೆಯು ಕೆಲಸಕ್ಕೆ ತೊಡಗಿತು. ಅದಕ್ಕೆ ನೂರು ವರ್ಷ ತುಂಬಿದ ತಿಂಗಳಲ್ಲಿಯೇ, ಎಂದರೆ 2023ರ ಜನವರಿಯಲ್ಲಿ, ಅದನ್ನು ಮುಚ್ಚಿಬಿಡಬೇಕೆಂದು ಅದರ ಒಡೆತನ ಹೊಂದಿದ ಭಾರತ ಉಕ್ಕು ಪ್ರಾಧಿಕಾರದ ಆಡಳಿತ ಮಂಡಲಿಯು ಗೊತ್ತುಮಾಡಿತು. ಶತಮಾನೋತ್ಸವದ ಹಾರ ತುರಾಯಿಗಳ ಬದಲು ಮರಣಶಾಸನ! ದುಡಿಯುವ ಜನರು ಬೀದಿಗಿಳಿದು ಕೂಗಿದ ಮೇಲೆ ಅದೇ ವರ್ಷದ ಆಗಸ್ಟಿನಲ್ಲಿ ಸಲಾಕೆಗಳನ್ನು ಉರುಳಿಸುವ ವಿಭಾಗಕ್ಕೆ ಮರಳಿ ಚಾಲನೆ ದೊರೆಯಿತೆಂಬುದು ನಿಜ. ಆದರೆ ಅದಿರನ್ನು ಕಬ್ಬಿಣವಾಗಿಸುವ ಕುಲುಮೆಯು ತಣ್ಣಗೇ ಉಳಿಯಿತು. ಕುಲುಮೆಯಿಲ್ಲದ ಕಬ್ಬಿಣದ ಕಾರಖಾನೆಯೆಂದರೆ ಒಲೆಯಿಲ್ಲದ ಅಡಿಗೆಮನೆ. ನೆರೆಮನೆಯಿಂದ ತಂದ ಅನ್ನವನ್ನು ಬಡಿಸುವುದಷ್ಟೇ ಅಲ್ಲಿಯ ಕೆಲಸ.

ಈ ಸಂಗತಿಯನ್ನು ಕುರಿತು ಕನ್ನಡ ನಾಡಿನಲ್ಲಿ ಎದ್ದ ಗದ್ದಲವಾದರೂ ಎಷ್ಟು? ಶಿವಮೊಗ್ಗೆಯ ಕಡೆಯವರು ಕೂಗಿದರು. ಬೆಂಗಳೂರು ಒಂದು ದಿನ ಓದಿ ಮರುದಿನ ಮರೆಯಿತು. ಧಾರವಾಡ, ಬೆಳಗಾವಿ, ಕಲಬುರ್ಗಿ, ಮಂಗಳೂರುಗಳಿಗೆ ಅದು ಯಾವುದೋ ಪರಸ್ಥಳದ ವರ್ತಮಾನವಾಗಿ ಕಂಡಿತು. ನಮ್ಮ ಮುಂದಾಳುಗಳು ಪ್ರತಿ ವರ್ಷ ನವೆಂಬರ್ 1ನೆಯ ತಾರೀಖಿಗೆ ಬಾವುಟವೇರಿಸಿ ‘ನಾವೆಲ್ಲರೂ ಒಂದು’ ಎಂದು ಘೋಷಿಸುತ್ತಾರೆ. ಒಂದಾದವರ ಮನೆಯಲ್ಲಿ ಒಬ್ಬನ ಒಲೆ ಆರಿದರೆ ಉಳಿದವರಿಗೆ ಹೊಗೆಯ ವಾಸನೆಯೂ ಬಾರದಿರುವುದೆಂತು? ಈ ಪ್ರಶ್ನೆಯನ್ನು ನಾವು ಸುಮ್ಮನೆ ಎತ್ತುತ್ತಿಲ್ಲ. ಭದ್ರಾವತಿಯ ಪ್ರಶ್ನೆಯು ಒಂದು ಜಿಲ್ಲೆಯ ಪ್ರಶ್ನೆಯಲ್ಲವೆಂದೂ, ಏಕೀಕರಣದಲ್ಲಿ ಅರ್ಧಕ್ಕೆ ನಿಂತ ಕೆಲಸದ ಪ್ರಶ್ನೆಯೆಂದೂ, ಈ ಹೊತ್ತು ಜಗತ್ತಿನಲ್ಲಿ ಉಕ್ಕನ್ನು ಮಾಡುವ ವಿದ್ಯೆಯೇ ಹೊರಳುತ್ತಿರುವಾಗ ನಾವು ಬಾಗಿಲು ಹಾಕಿಕೊಳ್ಳುತ್ತಿರುವುದು ಆತ್ಮಘಾತವೆಂದೂ ತೋರಿಸುವುದು ನಮ್ಮ ಉದ್ದೇಶ.

ಏಕೀಕರಣಕ್ಕೆ ಮೊದಲು ಕನ್ನಡ ನಾಡು ಹೇಗಿತ್ತೆಂಬುದನ್ನು ಹಿರಿಯ ವಾಚಕರು ಬಲ್ಲರು. ಭಾಷೆಯ ಕಣ್ಣಿನಿಂದ ಆ ಛಿದ್ರತೆಯನ್ನು ಬಹು ಮಂದಿ ವರ್ಣಿಸಿದ್ದಾರೆ. ಒಬ್ಬ ಕಮ್ಮಾರನ ಕಣ್ಣಿನಿಂದ ನೋಡಿದವರು ಕಡಿಮೆ. ಉತ್ತಮವಾದ ಅದಿರಿನ ಬೆಟ್ಟಗಳು ಸೊಂಡೂರಿನ ಪುಟ್ಟ ಸಂಸ್ಥಾನದಲ್ಲಿಯೂ ಮದರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿಯೂ ಇದ್ದವು. ತುಂಗಭದ್ರೆಯ ಒಂದು ದಡ ಮದರಾಸಿನದು, ಇನ್ನೊಂದು ದಡ ನಿಜಾಮನದು. ಜೋಗದ ವಿದ್ಯುಚ್ಛಕ್ತಿ ಮೈಸೂರಿನದು. ಕಾರವಾರದ ಬಂದರು ಮುಂಬಯಿಯದು, ಮಂಗಳೂರಿನದು ಮದರಾಸಿನದು. ಇಕ್ಕುಳ ಒಂದೂರಿನಲ್ಲಿ, ಸುತ್ತಿಗೆ ಇನ್ನೊಂದೂರಿನಲ್ಲಿ, ತಿದಿ ಮೂರನೆಯ ಊರಿನಲ್ಲಿ ಬಿದ್ದಿರುವ ಕಮ್ಮಾರನು ಏನು ಮಾಡಿಯಾನು? 1953ರ ಅಕ್ಟೋಬರ್ 1ರಂದು ಬಳ್ಳಾರಿಯೂ, 1956ರ ನವೆಂಬರ್ 1ರಂದು ಉಳಿದ ಭಾಗಗಳೂ ಬಂದು ಕೂಡಿದಾಗ ಆ ಉಪಕರಣಗಳೆಲ್ಲ ಒಂದೇ ಸೂರಿನಡಿ ಸೇರಿದವು. ಅಂದು ಹಳೆಯ ಮೈಸೂರಿನ ಕೆಲವು ದೊಡ್ಡ ಮನುಷ್ಯರು, ಬಡ ಜಿಲ್ಲೆಗಳನ್ನು ಕಟ್ಟಿಕೊಂಡರೆ ಬೊಕ್ಕಸಕ್ಕೆ ನಷ್ಟವೆಂದು ತಕರಾರು ತೆಗೆದಿದ್ದರು. ಅವರ ಲೆಕ್ಕದ ಪುಸ್ತಕದಲ್ಲಿ ಬಳ್ಳಾರಿಯ ಬೆಟ್ಟಗಳಿಗೆ ಕಾಲಮ್ಮು ಇರಲಿಲ್ಲ. ಇಂದು ಭದ್ರಾವತಿಯ ಮೇಲೆ ‘ನಷ್ಟ’ ಎಂಬ ಒಂದೇ ಶಬ್ದದ ಷರಾ ಬರೆದವರು ಅದೇ ಲೆಕ್ಕದ ಪುಸ್ತಕವನ್ನು ಇಟ್ಟುಕೊಂಡಿದ್ದಾರೆಂದು ತೋರುತ್ತದೆ.

ಸರಿ, ಕೂಡಿಬಂದ ಉಪಕರಣಗಳಿಂದ ನಾವು ಏನು ಮಾಡಿದೆವು? 1971ರಲ್ಲಿ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಹೊಸಪೇಟೆಯ ಸೀಮೆಯಲ್ಲಿ ವಿಜಯನಗರ ಉಕ್ಕಿನ ಕಾರಖಾನೆಗೆಂದು ಶಿಲಾನ್ಯಾಸ ಮಾಡಿದರು. ಕಲ್ಲು ನೆಟ್ಟದ್ದೇ ಬಂತು. ಸರಕಾರದ ಕಾರಖಾನೆ ಮೇಲೇಳಲಿಲ್ಲ. ತೋರಣಗಲ್ಲಿನಲ್ಲಿ ಉಕ್ಕು ಹುಟ್ಟಬೇಕಾದರೆ 1994ರಲ್ಲಿ ಖಾಸಗಿಯವರು ಬಂದು ಕಂಪನಿ ಕಟ್ಟಬೇಕಾಯಿತು. ಈ ನಡುವೆ 1976ರಲ್ಲಿ ಕುದುರೆಮುಖ ಕಂಪನಿ ಹುಟ್ಟಿತು. ಅದರ ಉದ್ದೇಶವೇನು? ಕನ್ನಡ ನಾಡಿನ ಮಳೆಕಾಡನ್ನು ಅಗೆದು, ಅದಿರನ್ನು ತೊಳೆದು, 67 ಕಿಲೋಮೀಟರ್ ಕೊಳವೆಯಲ್ಲಿ ಹರಿಸಿ, ಮಂಗಳೂರಿನಿಂದ ಇರಾಣಕ್ಕೆ ಸಾಗಿಸುವುದು. 1979ರಲ್ಲಿ ಇರಾಣದಲ್ಲಿ ಕ್ರಾಂತಿಯಾಯಿತು, ಕೊಳ್ಳುವ ದೊರೆ ಓಡಿಹೋದ, ನಮ್ಮ ಕೊಳವೆ ಬೇರೆ ಗಿರಾಕಿಗಳನ್ನು ಹುಡುಕಿತು. ಸರ್ವೋಚ್ಚ ನ್ಯಾಯಾಲಯದ ಅಪ್ಪಣೆಯಂತೆ 2005ರ ಕೊನೆಗೆ ಅಲ್ಲಿಯ ಗಣಿಗಾರಿಕೆ ನಿಂತಿತು. ಅಷ್ಟರಲ್ಲಿ ಬಳ್ಳಾರಿಯ ಸುಲಿಗೆ ಆರಂಭವಾಗಿತ್ತು. ಅದನ್ನು ಇಲ್ಲಿ ವಿಸ್ತರಿಸಲು ನಮಗೆ ಮನಸ್ಸಿಲ್ಲ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ 2008 ಮತ್ತು 2011ರ ವರದಿಗಳನ್ನು ಓದಿದವರಿಗೆ ವಿಸ್ತರಣೆ ಬೇಕಿಲ್ಲ. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಸರಕಾರವೇ ಜಪ್ತಿಮಾಡಿದ ಅದಿರಿನ ರಾಶಿ ರಾಶಿಯೇ ಹಡಗೇರಿ ಮಾಯವಾಯಿತೆಂದರೆ, ಕಳ್ಳನಿಗೆ ಬೀಗದ ಕೈ ಕೊಟ್ಟ ಮನೆಯ ಕಥೆ ಗೊತ್ತಾಗುತ್ತದೆ. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು.

ಪರದೇಶಕ್ಕೆ ಹೋದದ್ದು ಮಣ್ಣಲ್ಲ, ಕೂಲಿ. ಅದಿರಾಗಿ ಹೋದ ಟನ್ನಿಗೂ ಉಕ್ಕಾಗಿ ಮರಳಿ ಬಂದ ಟನ್ನಿಗೂ ನಡುವೆ ಇರುವ ಬೆಲೆಯ ಅಂತರವು ಯಾವನೋ ಕುಶಲ ಕರ್ಮಿಯ ಕೂಲಿ, ಯಾವಳೋ ಯಂತ್ರಶಾಸ್ತ್ರಜ್ಞೆಯ ಸಂಬಳ, ಯಾವುದೋ ಊರಿನ ಶಾಲೆಯ ಮಾಡು. ಆ ಊರು ಸೊಂಡೂರು ಆಗಲಿಲ್ಲ.

‘ಏನು ಮಾಡುವುದು, ನಮ್ಮಲ್ಲಿ ಕಲ್ಲಿದ್ದಲಿಲ್ಲವಲ್ಲ!’ ಎಂಬ ನಿಟ್ಟುಸಿರನ್ನು ನಾವು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಮಾತು ನಿಜವೇ. ಭೂಗರ್ಭವು ಕರ್ನಾಟಕಕ್ಕೆ ಕಬ್ಬಿಣವನ್ನು ಕೊಟ್ಟು ಕಲ್ಲಿದ್ದಲನ್ನು ಕೊಡಲಿಲ್ಲ. ಆದಕಾರಣ ತೋರಣಗಲ್ಲಿನ ದೊಡ್ಡ ಕುಲುಮೆಗಳಿಗೆ ಬೇಕಾದ ಕೋಕಿನ ಕಲ್ಲಿದ್ದಲು ಆಸ್ಟ್ರೇಲಿಯಾ ಮುಂತಾದ ದೂರದೇಶಗಳಿಂದ ಬರಬೇಕು. ಅದರಲ್ಲೊಂದು ಪಾಲು ಮುರ್ಮುಗೋವೆಯಲ್ಲಿ ಇಳಿದು, ದೂಧಸಾಗರದ ಘಟ್ಟವೇರಿ, ಲೋಂಡೆ, ಹುಬ್ಬಳ್ಳಿ, ಗದಗು, ಕೊಪ್ಪಳ, ಹೊಸಪೇಟೆಗಳ ಮಾರ್ಗವಾಗಿ ರೈಲಿನಲ್ಲಿ ಬರುತ್ತದೆ. ವಾಸ್ಕೋದ ಜನರು ಅದರ ಧೂಳನ್ನು ಉಸಿರಾಡುತ್ತ ಅನೇಕ ವರ್ಷಗಳಿಂದ ಮೊರೆಯಿಡುತ್ತಿದ್ದಾರೆ. ಇಡೀ ಭಾರತವೇ ತನಗೆ ಬೇಕಾದ ಕೋಕಿನ ಕಲ್ಲಿದ್ದಲಿನಲ್ಲಿ ನೂರಕ್ಕೆ 85ಕ್ಕಿಂತ ಕಡಿಮೆಯಿಲ್ಲದಷ್ಟನ್ನು ಹೊರಗಿನಿಂದ ಕೊಳ್ಳುತ್ತದೆ. 2011ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ನೆರೆ ಬಂದಿತು. ಇಲ್ಲಿ ಉಕ್ಕಿನ ಖರ್ಚು ಏರಿತು. 2022ರಲ್ಲಿ ಯುಕ್ರೇನಿನಲ್ಲಿ ಯುದ್ಧ ಹೊತ್ತಿತು; ಆ ಮಾರ್ಚಿನಲ್ಲಿ ಈ ಕಲ್ಲಿದ್ದಲಿನ ಬೆಲೆ ಟನ್ನಿಗೆ 600 ಡಾಲರನ್ನು ದಾಟಿತು. ಯಾರದೋ ಹೊಳೆ ಉಕ್ಕಿದರೆ ನಮ್ಮ ಒಲೆ ಆರುವ ಈ ಸ್ಥಿತಿಗೆ ಸ್ವರಾಜ್ಯವೆಂದು ಹೆಸರಿಡಬಹುದೇ? ಸ್ವದೇಶಿ ಚಳವಳಿಯವರು ಮ್ಯಾಂಚೆಸ್ಟರಿನ ಬಟ್ಟೆಯನ್ನು ಸುಟ್ಟರು. ಉಕ್ಕಿನ ವಿಷಯದಲ್ಲಿ ನಾವು ಪರದೇಶದ ಸೌದೆಯನ್ನು ಕೊಂಡು ನಮ್ಮ ಮನೆಯಲ್ಲಿಯೇ ಸುಡುತ್ತಿದ್ದೇವೆ.

ಈಗ, ವಾಚಕ ಮಹಾಶಯರೇ, ಈ ‘ಕಲ್ಲಿದ್ದಲಿಲ್ಲ’ ಎಂಬ ಹಳೆಯ ನಿಟ್ಟುಸಿರಿನ ಬುಡವನ್ನೇ ಅಲುಗಿಸುವ ವಿದ್ಯೆಯೊಂದು ಬಂದಿದೆ. ಅದನ್ನು ಎಳೆಯರಿಗೂ ತಿಳಿಯುವಂತೆ ಹೇಳಬಹುದು. ಅದಿರೆಂದರೆ ತುಕ್ಕು ಹಿಡಿದ ಕಬ್ಬಿಣವೇ; ಕಬ್ಬಿಣವೂ ಆಮ್ಲಜನಕವೂ ಅಪ್ಪಿಕೊಂಡು ಕುಳಿತಿವೆ. ಆ ಅಪ್ಪುಗೆಯನ್ನು ಬಿಡಿಸುವುದೇ ಕುಲುಮೆಯ ಕೆಲಸ. ಸಾವಿರಾರು ವರ್ಷಗಳಿಂದ ಮನುಷ್ಯನು ಇದಕ್ಕೆ ಇದ್ದಲಿನಲ್ಲಿರುವ ಇಂಗಾಲವನ್ನು ನೇಮಿಸಿದ್ದಾನೆ. ಇಂಗಾಲವು ಆಮ್ಲಜನಕವನ್ನು ಎಳೆದುಕೊಂಡು ಇಂಗಾಲಾಮ್ಲ ವಾಯುವಾಗಿ ಆಕಾಶಕ್ಕೆ ಹೋಗುತ್ತದೆ. ದೊಡ್ಡ ಕುಲುಮೆಯ ಪದ್ಧತಿಯಲ್ಲಿ ಒಂದು ಟನ್ನು ಉಕ್ಕಿಗೆ ಸುಮಾರು ಎರಡು ಟನ್ನು ಈ ವಾಯು ಹೊರಬೀಳುತ್ತದೆ. ಮನುಷ್ಯರು ಜಗತ್ತಿನಲ್ಲೆಲ್ಲ ಹೊರಬಿಡುವ ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಪಾಲು ಉಕ್ಕಿನದೇ ಎಂದು ಶಾಸ್ತ್ರಜ್ಞರು ಎಣಿಸಿದ್ದಾರೆ. ಹವೆ ಕಾಯುತ್ತಿರುವುದಕ್ಕೂ, ಮಳೆ ಹದತಪ್ಪುತ್ತಿರುವುದಕ್ಕೂ ಈ ವಾಯುವೇ ಮುಖ್ಯ ಕಾರಣವೆಂಬುದನ್ನು ಈಗ ಒಕ್ಕಲಿಗನಿಗೂ ಹೇಳಿಕೊಡಬೇಕಾಗಿಲ್ಲ.

ಹೊಸ ವಿದ್ಯೆಯಲ್ಲಿ ಇಂಗಾಲದ ಜಾಗದಲ್ಲಿ ಜಲಜನಕವನ್ನು ನೇಮಿಸುತ್ತಾರೆ. ಜಲಜನಕವು ಅದಿರಿನ ಆಮ್ಲಜನಕವನ್ನು ಎಳೆದುಕೊಂಡು ಏನಾಗುತ್ತದೆ? ಹೆಸರೇ ಹೇಳುವಂತೆ ಜಲವಾಗುತ್ತದೆ. ಕುಲುಮೆಯ ಬಾಯಿಯಿಂದ ಹೊಗೆಯ ಬದಲು ಆವಿ ಹೊರಡುತ್ತದೆ. ಉಳಿದ ಸ್ಪಂಜಿನಂಥ ಕಬ್ಬಿಣವನ್ನು ವಿದ್ಯುತ್ತಿನ ಕುಲುಮೆಯಲ್ಲಿ ಕರಗಿಸಿ ಉಕ್ಕು ಮಾಡುತ್ತಾರೆ. ಬೇಕಾದ ಜಲಜನಕವನ್ನು ನೀರಿನೊಳಗೆ ವಿದ್ಯುತ್ತನ್ನು ಹರಿಸಿ ಪಡೆಯುತ್ತಾರೆ. ಆ ವಿದ್ಯುತ್ತು ಬಿಸಿಲಿನದೋ ಗಾಳಿಯದೋ ಜಲಪಾತದ್ದೋ ಆಗಿದ್ದರೆ ಆದಿಯಿಂದ ಅಂತ್ಯದವರೆಗೆ ಕಲ್ಲಿದ್ದಲಿನ ಕುಲುಮೆಯೇ ಬೇಡ. ಸ್ವೀಡನ್ ದೇಶದಲ್ಲಿ ಒಂದು ಉಕ್ಕಿನ ಕಂಪನಿ, ಒಂದು ಗಣಿ ಕಂಪನಿ, ಒಂದು ವಿದ್ಯುತ್ ಕಂಪನಿ ಮೂರೂ 2016ರಲ್ಲಿ ಕೈಕೂಡಿಸಿ, 2020ರಲ್ಲಿ ಲೂಲಿಯೋ ಎಂಬ ಊರಿನಲ್ಲಿ ಪ್ರಯೋಗದ ಸ್ಥಾವರವನ್ನು ಕಟ್ಟಿ, 2021ರಲ್ಲಿ ಇಂಥ ಉಕ್ಕನ್ನು ಗಿರಾಕಿಯ ಕೈಗೆ ಕೊಟ್ಟವು. ಗಾಳಿ ಬೀಸಿದಾಗ ಮಾಡಿದ ಜಲಜನಕವನ್ನು ಗಾಳಿ ನಿಂತಾಗ ಬಳಸಲು ಬಂಡೆಯೊಳಗೆ ಗುಹೆ ಕೊರೆದು, ಒಳಗೆ ಉಕ್ಕಿನ ಹೊದಿಕೆಯಿಟ್ಟು ತುಂಬಿಡುವ ಪ್ರಯೋಗವನ್ನೂ 2022ರಲ್ಲಿ ಆರಂಭಿಸಿದರು. ಆ ದೇಶದ ಜನಸಂಖ್ಯೆ ಒಂದು ಕೋಟಿಯ ಆಸುಪಾಸು. ನಮ್ಮದು 2011ರ ಖಾನೇಷುಮಾರಿಯಂತೆಯೇ ಆರು ಕೋಟಿ ಹನ್ನೊಂದು ಲಕ್ಷ. ಅವರಲ್ಲಿಯೂ ಅದಿರಿದೆ, ಕಾಡಿದೆ, ನೀರಿನ ಶಕ್ತಿಯಿದೆ. ಕಲ್ಲಿದ್ದಲಿನ ಭಾಗ್ಯ ನಮ್ಮಂತೆಯೇ ಇಲ್ಲ. ಅವರು ಇಲ್ಲದ್ದಕ್ಕೆ ಅಳುತ್ತ ಕೂರಲಿಲ್ಲ.

ಇಲ್ಲಿ ನಮ್ಮ ಹೊಟ್ಟೆಯುರಿಯುವ ಸಂಗತಿಯೊಂದಿದೆ. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಬ್ಬಿಣ ಮಾಡುವ ಬಗೆಯನ್ನು ಭದ್ರಾವತಿಯು ಈಗ್ಗೆ ನೂರು ವರ್ಷಗಳ ಹಿಂದೆಯೇ ಹುಡುಕಿತ್ತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಸೌದೆಯ ಇದ್ದಲಿನಿಂದ ಕರಗಿಸಿದರು. ಬರಿಯ ಇದ್ದಲು ಸುಟ್ಟು ಬಿಡಲಿಲ್ಲ. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಹೊರಟ ಹೊಗೆಯನ್ನು ಹಿಡಿದು ಅದರಿಂದ ಮರದ ಮದ್ಯಸಾರ, ಡಾಂಬರು, ಅಸಿಟೇಟು ಮುಂತಾದ ಸರಕುಗಳನ್ನು ತೆಗೆದರು. ಆದ್ದರಿಂದಲೇ ಅದರ ಮೊದಲ ಹೆಸರಿನಲ್ಲಿ ಸೌದೆಯ ಭಟ್ಟಿಯೂ ಸೇರಿತ್ತು. ಇಂದು ಇದನ್ನೇ ‘ತ್ಯಾಜ್ಯವಿಲ್ಲದ ಕೈಗಾರಿಕೆ’ ಎಂದು ಪರದೇಶದ ಪಂಡಿತರು ಹೊಸ ಹೆಸರಿಟ್ಟು ನಮಗೆ ಬೋಧಿಸಿದಾಗ ನಾವು ಬಾಯಿ ತೆರೆದು ಕೇಳುತ್ತೇವೆ. ಮೊದಲ ವರ್ಷಗಳಲ್ಲಿ ನಷ್ಟವಾಯಿತು, ‘ಬಿಳಿಯಾನೆ’ ಎಂದರು. ಸರ್ ಎಂ. ವಿಶ್ವೇಶ್ವರಯ್ಯನವರು 1923ರಲ್ಲಿ ಆಡಳಿತದ ಹೊಣೆಯನ್ನು ಹೊತ್ತು, ಖರ್ಚನ್ನು ಬಿಗಿಹಿಡಿದು, ಕನ್ನಡದ ಹುಡುಗರನ್ನೇ ಕೆಲಸಕ್ಕೆ ಪಳಗಿಸಿ ಅದನ್ನು ನೆಲೆಗೆ ತಂದರು. ಮುಂದೆ ಜೋಗದ ವಿದ್ಯುತ್ತು ಬಂದ ಬಳಿಕ, 1952ರ ಸುಮಾರಿಗೆ, ಅದಿರನ್ನು ವಿದ್ಯುತ್ತಿನಿಂದಲೇ ಕರಗಿಸುವ ಕುಲುಮೆಗಳನ್ನು ಅಲ್ಲಿ ಹೂಡಿದರು. ಜಲಪಾತದ ಬಲದಿಂದ ಕಬ್ಬಿಣ! ಸ್ವೀಡನ್ನಿನವರು ಇಂದು ಹಿಡಿದಿರುವ ದಾರಿಯ ಮೊದಲ ಮೈಲಿಗಲ್ಲು ನಮ್ಮ ಭದ್ರೆಯ ದಡದಲ್ಲಿಯೂ ಇದೆಯೆಂದರೆ ಅತಿಶಯೋಕ್ತಿಯಾಗದು.

ಇದನ್ನು ಹೇಳುವಾಗ ಗತವೈಭವದ ಭಂಗಿ ಹಾಕುವುದು ನಮಗೆ ಬೇಕಿಲ್ಲ. ಚಿತ್ರದುರ್ಗದ ಗಟ್ಟಿಹೊಸಹಳ್ಳಿಯಲ್ಲಿ ಪೂರ್ವಿಕರು ಮೂಸೆಯಲ್ಲಿ ಉಕ್ಕು ಮಾಡಿದ್ದರೆಂದು ಮೀಸೆ ತಿರುವಿ, ನಮ್ಮ ಮನೆಯ ಮೊಳೆಯನ್ನು ಪರದೇಶದಿಂದ ತರಿಸಿಕೊಳ್ಳುವ ಅಭಿಮಾನವು ಅಭಿಮಾನವೇ ಅಲ್ಲ. ಭದ್ರಾವತಿಯ ಇದ್ದಲು ಮಲೆನಾಡಿನ ಕಾಡನ್ನು ತಿಂದಿತೆಂಬುದನ್ನೂ ಮುಚ್ಚಿಡಬಾರದು. ಕಡಿದ ಮರಕ್ಕೆ ಲೆಕ್ಕವಿದ್ದಷ್ಟು ನೆಟ್ಟ ಮರಕ್ಕೆ ಇರಲಿಲ್ಲ. ಆ ದಾರಿಗೆ ಮರಳಿ ಹೋಗಬೇಕೆಂದು ನಾವು ಹೇಳುತ್ತಿಲ್ಲ. ಬ್ರೆಜಿಲ್ಲಿನಲ್ಲಿ ಇಂದಿಗೂ ನೆಟ್ಟು ಬೆಳೆಸಿದ ನೀಲಗಿರಿಯ ಇದ್ದಲಿನಿಂದ ಕಬ್ಬಿಣ ಮಾಡುತ್ತಾರೆ. ನಮಗೆ ಅದೂ ಬೇಡ, ನೀಲಗಿರಿಯ ನೆಡುತೋಪುಗಳಿಂದ ಬಯಲುಸೀಮೆ ಪಟ್ಟದ್ದು ಸಾಕಾಗಿದೆ. ತೆಂಗಿನ ಕರಟ, ಹತ್ತಿಯ ಕಡ್ಡಿ, ಕಬ್ಬಿನ ರವುದಿ, ಹೊಲದಲ್ಲಿ ಸುಮ್ಮನೆ ಸುಡುವ ಕಸ ಇವು ಬೇರೆ ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಂಥ ಜೈವಿಕ ಕಸದ ಒಂದು ಕಿಲೋದಿಂದ 100 ಗ್ರಾಂ ಜಲಜನಕವನ್ನು ತೆಗೆಯುವ ಬಗೆಯನ್ನು ಸಾಧಿಸಿರುವುದಾಗಿ ಪ್ರಕಟಿಸಿದ್ದಾರೆ. ಆ ಸಂಸ್ಥೆ ನಿಂತ ನೆಲ ಮೈಸೂರಿನ ಮಹಾರಾಜರು ಕೊಟ್ಟದ್ದು. ಅಲ್ಲಿಂದ ಭದ್ರಾವತಿಗೆ ರೈಲಿನಲ್ಲಿ ಒಂದು ಹಗಲಿನ ದಾರಿ. ಆದರೂ ಕನ್ನಡ ನಾಡಿನಲ್ಲಿ ಆ ಒಂದು ಹಗಲಿನ ದಾರಿ ನಡೆಯಲು ಒಂದು ಶತಮಾನ ಸಾಲದಾಗಿದೆ.

ಲೆಕ್ಕಕ್ಕೆ ಬರೋಣ, ಭಾವನೆಯ ಬೆಂಕಿಯಿಂದ ಕಬ್ಬಿಣ ಕರಗುವುದಿಲ್ಲ. ಒಂದು ಟನ್ನು ಕಬ್ಬಿಣಕ್ಕೆ ಸುಮಾರು 54 ಕಿಲೋ ಜಲಜನಕ ಬೇಕು. ಒಂದು ಕಿಲೋ ಜಲಜನಕಕ್ಕೆ 50ರಿಂದ 55 ಯೂನಿಟ್ಟು ವಿದ್ಯುತ್ತು. ಕರಗಿಸುವ ಖರ್ಚನ್ನೂ ಕೂಡಿಸಿದರೆ ಟನ್ನು ಉಕ್ಕಿಗೆ ಸುಮಾರು 3,500 ಯೂನಿಟ್ಟು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2019ರಲ್ಲಿ ಪೂರ್ಣಗೊಂಡ ಸೂರ್ಯಶಕ್ತಿಯ ಸ್ಥಾವರ 2,050 ಮೆಗಾವಾಟಿನದು. ವರ್ಷಕ್ಕೆ 350ರಿಂದ 400 ಕೋಟಿ ಯೂನಿಟ್ಟು ಅದರಿಂದ ಸಿಗಬಹುದು. ಎಂದರೆ ಆ ಇಡೀ ಸ್ಥಾವರವನ್ನು ಉಕ್ಕಿಗೇ ಮೀಸಲಿಟ್ಟರೆ ಸುಮಾರು ಹತ್ತು ಲಕ್ಷ ಟನ್ನು. ತೋರಣಗಲ್ಲಿನ ಸಾಮರ್ಥ್ಯ ಒಂದು ಕೋಟಿ ಟನ್ನನ್ನು ಎಂದೋ ಮೀರಿದೆ. ಅದನ್ನು ಹೀಗೆ ನಡೆಸಲು ಹತ್ತಕ್ಕೂ ಹೆಚ್ಚು ಪಾವಗಡಗಳು ಬೇಕಾದಾವು. ಅಲ್ಲಿಯ ಕಂಪನಿ ವರ್ಷಕ್ಕೆ 3,800 ಟನ್ನು ಜಲಜನಕಕ್ಕೆ ಒಪ್ಪಂದ ಮಾಡಿಕೊಂಡು ಪ್ರಯೋಗಕ್ಕೆ ಕೈಹಾಕಿದ್ದನ್ನು ನಾವು ಮೆಚ್ಚುತ್ತೇವೆ. ಆದರೆ ಅದು ಸುಮಾರು 70,000 ಟನ್ನು ಕಬ್ಬಿಣಕ್ಕೆ ಸಾಕು, ಸಮುದ್ರಕ್ಕೆ ಒಂದು ಬೊಗಸೆ. ನಾಳೆಯೇ ಎಲ್ಲ ಕುಲುಮೆಗಳನ್ನೂ ಬದಲಿಸಿರೆಂದು ಕೂಗುವವರು ಈ ಗುಣಾಕಾರವನ್ನು ಮಾಡಿ ನೋಡಿಲ್ಲ.

ಆದರೆ ಭದ್ರಾವತಿಗೆ ಒಂದು ಲಕ್ಷ ಟನ್ನು ಸಾಕು. ಅದು ಹಿಂದಿನಿಂದಲೂ ರಾಶಿಯ ಕಾರಖಾನೆಯಲ್ಲ. ಮಿಶ್ರ ಲೋಹದ, ವಿಶೇಷ ಗುಣದ ಉಕ್ಕಿಗೆ ಹೆಸರಾದದ್ದು. ಒಂದು ಲಕ್ಷ ಟನ್ನಿಗೆ 35 ಕೋಟಿ ಯೂನಿಟ್ಟು, ಪಾವಗಡದ ಹತ್ತರಲ್ಲೊಂದು ಪಾಲು. ಜಲಜನಕ 5,400 ಟನ್ನು. ನೀರು? ರಸಾಯನದ ಸೂತ್ರದಂತೆ ಜಲಜನಕದ ಒಂಬತ್ತು ಪಾಲು. ಶುದ್ಧಿಮಾಡುವಾಗ ಹೋಗುವುದನ್ನೂ ಸೇರಿಸಿ ಎರಡು ಪಟ್ಟು ಹಿಡಿದರೂ ದಿನಕ್ಕೆ ಮೂರು ಲಕ್ಷ ಲೀಟರಿಗಿಂತ ಕಡಿಮೆ. ಮೂರು ಸಾವಿರ ಜನರ ಒಂದು ಹಳ್ಳಿಯ ಖರ್ಚು. ಅದರಲ್ಲಿಯೂ ಕುಲುಮೆಯಿಂದ ಆವಿಯಾಗಿ ಬಂದದ್ದನ್ನು ಹಿಡಿದು ಮತ್ತೆ ಬಳಸಬಹುದು. ಭದ್ರೆಯ ದಡದಲ್ಲಿ ಕುಳಿತು ನೀರಿಲ್ಲವೆನ್ನುವವರಿಗಾಗಿ ಈ ಲೆಕ್ಕ. ಪ್ರೌಢಶಾಲೆಯ ಉಪಾಧ್ಯಾಯರು ಇದನ್ನು ಹಲಗೆಯ ಮೇಲೆ ಬರೆದು ಹುಡುಗ ಹುಡುಗಿಯರಿಂದ ಮಾಡಿಸಿದರೆ, ತಳಮಟ್ಟದ ಅಂಕಗಣಿತಕ್ಕೂ ನಾಡಿನ ಭವಿಷ್ಯಕ್ಕೂ ಇರುವ ನಂಟು ಮಕ್ಕಳಿಗೆ ತಿಳಿದೀತು.

ಎದುರಾಳಿಗಳು ಮೂರು ಮಾತು ಆಡುತ್ತಾರೆ. ಮೊದಲನೆಯದು, ಇದು ದುಬಾರಿ ಎಂಬುದು. ದುಬಾರಿಯೇ. ಸ್ವೀಡನ್ನಿನಲ್ಲಿಯೂ ಎಲ್ಲವೂ ಸುಸೂತ್ರವಾಗಿಲ್ಲ. ಅಲ್ಲಿಯ ದೊಡ್ಡ ಯೋಜನೆಗಳಲ್ಲಿ ಕೆಲವು ಹಣದ ಮುಗ್ಗಟ್ಟಿಗೆ ಸಿಕ್ಕಿವೆ, ಕೆಲವು ಮುಂದಕ್ಕೆ ಹೋಗಿವೆ. ಆದರೆ ಹಳೆಯ ಉಕ್ಕು ಅಗ್ಗವಾಗಿಯೇ ಉಳಿಯುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ? ಯುರೋಪಿನ ರಾಷ್ಟ್ರಗಳ ಒಕ್ಕೂಟವು ತನ್ನ ಗಡಿಯೊಳಗೆ ಬರುವ ಉಕ್ಕಿನ ಮೇಲೆ ಇಂಗಾಲದ ಲೆಕ್ಕ ಕೇಳುವುದನ್ನು 2023ರ ಅಕ್ಟೋಬರಿನಲ್ಲಿ ಆರಂಭಿಸಿತು. 2026ರ ಜನವರಿ 1ರಿಂದ ಅದಕ್ಕೆ ಬೆಲೆಯನ್ನೂ ಕಟ್ಟಿದೆ. ಇದರಲ್ಲಿ ಅವರ ಸ್ವಾರ್ಥವೂ ಇದೆಯೆಂದು ನಾವು ಬಲ್ಲೆವು. ಇನ್ನೂರು ವರ್ಷ ಹೊಗೆ ಕಾರಿದವರು ಈಗ ನಮ್ಮ ಚಿಮಣಿಗೆ ಸುಂಕ ಹಾಕುವುದು ವಿಚಿತ್ರ ನ್ಯಾಯ. ಆದರೂ ಸುಂಕದ ಕಟ್ಟೆಯಲ್ಲಿ ನಿಂತ ಗಾಡಿಯವನಿಗೆ ನ್ಯಾಯಶಾಸ್ತ್ರ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಭಾರತ ಸರಕಾರವೇ 2024ರ ಡಿಸೆಂಬರಿನಲ್ಲಿ, ಟನ್ನಿಗೆ 2.2 ಟನ್ನಿಗಿಂತ ಕಡಿಮೆ ಇಂಗಾಲಾಮ್ಲ ಬಿಡುವ ಉಕ್ಕಿಗೆ ಮಾತ್ರ ‘ಹಸಿರು ಉಕ್ಕು’ ಎಂಬ ಹೆಸರು ಸಲ್ಲುವುದೆಂದು ಗೊತ್ತುಪಡಿಸಿದೆ. ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ತೂರುವವನಿಗೆ ತಿಳಿಯಬೇಕು.

ಎರಡನೆಯದು, ನಮ್ಮ ಅದಿರು ಈ ಪದ್ಧತಿಗೆ ಬೇಕಾದಷ್ಟು ಶುದ್ಧವಲ್ಲವೆಂಬುದು. ಈ ಆಕ್ಷೇಪಣೆಯಲ್ಲಿ ತಿರುಳಿದೆ. ಜಲಜನಕದ ಕುಲುಮೆಗೆ ನೂರಕ್ಕೆ 67ರ ಹತ್ತಿರ ಕಬ್ಬಿಣವಿರುವ ಅದಿರು ಒಳ್ಳೆಯದು. ಆದರೆ ನೂರಕ್ಕೆ 40 ಪಾಲೂ ಇಲ್ಲದ ಅದಿರನ್ನು ತೊಳೆದು ಆ ಮಟ್ಟಕ್ಕೆ ಏರಿಸುವ ವಿದ್ಯೆಯನ್ನು ಕಾಲು ಶತಮಾನ ನಡೆಸಿದವರು ಯಾರು? ಕುದುರೆಮುಖದವರೇ ಅಲ್ಲವೇ! ಅದಿರನ್ನು ಉಂಡೆಕಟ್ಟುವ ಅವರ ಸ್ಥಾವರ ಮಂಗಳೂರಿನಲ್ಲಿದೆ. ಪರದೇಶದವರಿಗಾಗಿ ಕಲಿತ ವಿದ್ಯೆಯನ್ನು ಮನೆಯವರಿಗಾಗಿ ಬಳಸುವುದಕ್ಕೆ ಯಾವ ಶಾಸ್ತ್ರ ಅಡ್ಡಬರುತ್ತದೆ? ಬೆಣ್ಣೆಯನ್ನು ಅಂಗೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದ ಗಾದೆ ನಮಗಾಗಿಯೇ ಹುಟ್ಟಿರಬೇಕು.

ಮೂರನೆಯದಾಗಿ, ಸರಕಾರಕ್ಕೇಕೆ ಈ ಉಸಾಬರಿ, ಲಾಭವಿದ್ದರೆ ಖಾಸಗಿಯವರು ಮಾಡಿಯಾರು ಎನ್ನುತ್ತಾರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 90 ಮೈಲು ತಂತಿಯೆಳೆದು ವಿದ್ಯುತ್ತನ್ನು ಕೊಂಡೊಯ್ದದ್ದು ಮೈಸೂರು ಸರಕಾರ. ಅಂದು ಅದರ ಅಧಿಕಾರಿಗಳು ‘ಲಾಭವಿದ್ದರೆ ಯಾರಾದರೂ ಮಾಡಿಯಾರು’ ಎಂದು ಕೈಕಟ್ಟಿ ಕುಳಿತಿದ್ದರೆ, ಇಂದು ಹಾಗೆನ್ನುವ ಮಹನೀಯರು ಬುಡ್ಡಿದೀಪದ ಬೆಳಕಿನಲ್ಲಿ ತಮ್ಮ ಲೇಖನಗಳನ್ನು ಬರೆಯಬೇಕಾಗುತ್ತಿತ್ತು. ಭಾರತ ಸರಕಾರವು 2023ರ ಜನವರಿಯಲ್ಲಿ (ಅದೇ ಜನವರಿ!) ಹಸಿರು ಜಲಜನಕಕ್ಕೆಂದು 19,744 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು; ಅದರಲ್ಲಿ ಉಕ್ಕಿನ ಪ್ರಯೋಗಗಳಿಗೆಂದೇ 455 ಕೋಟಿ ಮೀಸಲು. ಒಂದು ಕೈ ಹೊಸ ವಿದ್ಯೆಗೆ ಹಣ ಕೊಟ್ಟ ತಿಂಗಳಲ್ಲಿಯೇ ಇನ್ನೊಂದು ಕೈ ಆ ವಿದ್ಯೆಗೆ ಹೇಳಿಮಾಡಿಸಿದಂಥ ಕಾರಖಾನೆಗೆ ಬೀಗ ಜಡಿಯಲು ಹೊರಟಿತು. ಈ ಎರಡು ಕೈಗಳಿಗೂ ಒಂದೇ ತಲೆಯಿದೆಯೆಂದು ನಂಬುವುದು ಕಷ್ಟ. ಕರ್ನಾಟಕದಿಂದ ಲೋಕಸಭೆಗೆ ಹೋದ 28 ಮಂದಿಯಲ್ಲಿ ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದವರು ಎಷ್ಟು ಜನರೋ!

ಹೊಸ ವಿದ್ಯೆ ಬಂದ ಮಾತ್ರಕ್ಕೆ ನ್ಯಾಯವೂ ಬಂದೀತೆಂದು ತಿಳಿಯುವವರು ಪಾವಗಡವನ್ನು ಒಮ್ಮೆ ನೋಡಬೇಕು. ಅಲ್ಲಿ ಸುಮಾರು 13,000 ಎಕರೆಯನ್ನು ರೈತರಿಂದ ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಹಿಡಿದರು; ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಬರಗಾಲದ ನೆಲದ ಒಡೆಯರಿಗೆ ಇದು ಒಳ್ಳೆಯ ಏರ್ಪಾಡೇ, ಬೇರೆ ಪ್ರಾಂತದವರು ಕಲಿಯಬೇಕಾದದ್ದೇ. ಆದರೆ ಆ ನೆಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ, ಕುರಿ ಮೇಯಿಸಿ ಹೊಟ್ಟೆ ಹೊರೆಯುತ್ತಿದ್ದ ನೆಲವಿಲ್ಲದವನಿಗೆ ಗುತ್ತಿಗೆಯ ಕಾಸು ಬರಲಿಲ್ಲ. ಆ ಬಿಸಿಲಿನಿಂದ ನಾಳೆ ಉಕ್ಕು ಹುಟ್ಟುವುದಾದರೆ ಅವನ ಮಗನಿಗೆ ಅಲ್ಲಿ ಕಾವಲುಗಾರನ ಲಾಠಿಗಿಂತ ಮೇಲಾದ ಒಂದು ಉಪಕರಣ ಸಿಕ್ಕಬೇಕು.

ಅದು ಸಿಕ್ಕುವುದು ವಿದ್ಯೆಯಿಂದ. ಆ ವಿದ್ಯೆ ಅವನಿಗೆ ತಿಳಿಯುವ ಮಾತಿನಲ್ಲಿದ್ದರೆ. ಭದ್ರಾವತಿಯ ಕೆಲಸ ಕೈಗೆತ್ತಿಕೊಂಡ 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಎರಡು ವರ್ಷ ನಡೆದು ಅದು ನಿಂತಿತು. ಕುಲುಮೆಯೂ ಪತ್ರಿಕೆಯೂ ಒಂದೇ ಸಂಕಲ್ಪದ ಎರಡು ಮಕ್ಕಳು: ಒಂದು ಕೈಗೆ ಕೆಲಸ ಕೊಡತಕ್ಕದ್ದು, ಇನ್ನೊಂದು ಆ ಕೆಲಸವನ್ನು ಅರಿಯುವ ಬುದ್ಧಿಯನ್ನು ಕೊಡತಕ್ಕದ್ದು. ಜಲಜನಕ, ಆಮ್ಲಜನಕ, ಇಂಗಾಲ ಎಂಬ ಸುಂದರ ಶಬ್ದಗಳನ್ನು ನಮ್ಮ ಉಪಾಧ್ಯಾಯರು ತಲೆಮಾರುಗಳಿಂದ ಮಕ್ಕಳ ಬಾಯಲ್ಲಿ ಆಡಿಸುತ್ತ ಬಂದಿದ್ದಾರೆ. ಆದರೆ ಅದೇ ಮಗು ಕೈಗಾರಿಕಾ ತರಬೇತಿ ಶಾಲೆಯ ಬಾಗಿಲು ದಾಟಿದ ಕೂಡಲೆ ಆ ಶಬ್ದಗಳನ್ನು ಹೊರಗೆ ಬಿಟ್ಟು ಬರಬೇಕು. ಯಂತ್ರದ ಮೇಲೆ ಒಂದು ಎಚ್ಚರಿಕೆಯ ಫಲಕವೂ ಕನ್ನಡದಲ್ಲಿರುವುದಿಲ್ಲ. ಜಲಜನಕವು ಸುಲಭವಾಗಿ ಹೊತ್ತಿಕೊಳ್ಳುವ ವಾಯು, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೂ ಕಾಣಿಸುವುದಿಲ್ಲ. ಅದರ ಕೊಳವೆಯ ಪಕ್ಕದಲ್ಲಿ ನಿಲ್ಲುವ ಕೆಲಸಗಾರನಿಗೆ ತನ್ನ ಭಾಷೆಯಲ್ಲಿ ಎಚ್ಚರಿಕೆ ತಿಳಿಯದಿದ್ದರೆ ಪ್ರಾಣಕ್ಕೇ ಅಪಾಯ. ಭಾಷೆಯ ಪ್ರಶ್ನೆ ಸಾಹಿತಿಗಳ ಹವ್ಯಾಸವೆನ್ನುವವರು ಆ ಕೊಳವೆಯ ಪಕ್ಕದಲ್ಲಿ ಒಂದು ಪಾಳಿ ನಿಂತು ಬರಲಿ.

ಹಣವಿಲ್ಲವೆಂಬ ನೆಪವೂ ಇಲ್ಲಿ ಸಲ್ಲದು. ಗಣಿಗಳು ಸುಟ್ಟ ಊರುಗಳನ್ನು ಮತ್ತೆ ಕಟ್ಟಲೆಂದು ಸರ್ವೋಚ್ಚ ನ್ಯಾಯಾಲಯದ ಅಪ್ಪಣೆಯಂತೆ ಅದಿರಿನ ಹರಾಜಿನಿಂದ ಸಾವಿರಾರು ಕೋಟಿ ರೂಪಾಯಿ ಕೂಡಿಟ್ಟಿದ್ದಾರೆ. ಆ ಹಣದಲ್ಲಿ ಮೊದಲು ನೀರು, ಆಸ್ಪತ್ರೆ, ಶಾಲೆ ಆಗಲಿ. ಸೊಂಡೂರಿನಲ್ಲಿಯೂ ಬಳ್ಳಾರಿಯಲ್ಲಿಯೂ ಈ ಹೊಸ ಲೋಹವಿದ್ಯೆಯನ್ನು ಕನ್ನಡದಲ್ಲಿ ಕಲಿಸುವ ಶಾಲೆಗಳೂ ಅದರಲ್ಲಿ ಸೇರಲಿ. ಭದ್ರಾವತಿಗೆ ಬೇಕಾದ ಹಣ ಜಲಜನಕದ ಯೋಜನೆಯಿಂದ ಬರಲಿ. ಕಾರಖಾನೆಗೆ ತನ್ನದೆಂಬ ಗಣಿ ಇಲ್ಲದ್ದರಿಂದಲೇ ಅದು ಬಡಕಲಾಯಿತೆಂದು ಅದನ್ನು ಮುಚ್ಚಹೊರಟವರೇ ಹೇಳಿದ್ದಾರೆ. ಹಾಗಾದರೆ ಅಗೆಯಲು ಹೊಸ ಕಾಡನ್ನು ಕೇಳದೆ, ಈಗಾಗಲೇ ತೆರೆದಿರುವ ಗಣಿಗಳಿಂದ ಒಂದು ಲಕ್ಷ ಟನ್ನು ಕಬ್ಬಿಣಕ್ಕೆ ಸಾಕಾಗುವಷ್ಟು, ಎಂದರೆ ಒಂದೂವರೆ ಲಕ್ಷ ಟನ್ನಿಗಿಂತ ಕೊಂಚ ಹೆಚ್ಚು ಅದಿರನ್ನು, ವರ್ಷವರ್ಷವೂ ಭದ್ರಾವತಿಗೆ ಮೀಸಲಿಡುವ ನಿರ್ಣಯವನ್ನು ನಮ್ಮ ವಿಧಾನಸಭೆಯು ಮಾಡುವುದಕ್ಕೆ ಏನಡ್ಡಿ?

ಈ ಕೆಲಸಕ್ಕೆ ಅವಧಿಯೊಂದಿದೆ. ಯಂತ್ರವನ್ನು ಹತ್ತು ವರ್ಷ ತಡೆದಾದರೂ ಕೊಳ್ಳಬಹುದು. ಹರಿಯುವ ಲೋಹದ ಬಣ್ಣವನ್ನು ನೋಡಿ ಅದರ ಹದವನ್ನು ಹೇಳಬಲ್ಲ ಕೆಲಸಗಾರನು ಭದ್ರಾವತಿಯಲ್ಲಿ ಇನ್ನೂ ಇದ್ದಾನೆ. ಪ್ರತಿ ವರ್ಷ ಅಂಥವರಲ್ಲಿ ಕೆಲವರು ನಿವೃತ್ತರಾಗಿ ಮನೆ ಸೇರುತ್ತಿದ್ದಾರೆ. ಅವರ ಬಳಿ ಕಲಿಯಲು ಹೊಸ ಹುಡುಗರನ್ನು ಯಾರೂ ನೇಮಿಸುತ್ತಿಲ್ಲ. ಬರುವ ಅಧಿವೇಶನದಲ್ಲಿ ಶಿವಮೊಗ್ಗೆಯ ಪ್ರತಿನಿಧಿಗಳ ಜೊತೆಗೆ ಬೀದರದಿಂದ ಚಾಮರಾಜನಗರದವರೆಗಿನ ಪ್ರತಿನಿಧಿಗಳು ಎದ್ದು ನಿಂತು, ಆ ಕುಲುಮೆಯನ್ನು ಯಾವ ವಿದ್ಯೆಯಿಂದ, ಯಾವ ತಾರೀಖಿಗೆ ಮತ್ತೆ ಹೊತ್ತಿಸುವಿರೆಂದು ಕೇಳಲಿ. ಉತ್ತರವನ್ನು ಕನ್ನಡದಲ್ಲಿಯೇ ಮುದ್ರಿಸಿ ಭದ್ರಾವತಿಯ ಕಾರಖಾನೆಯ ಹೆಬ್ಬಾಗಿಲಿಗೆ ಅಂಟಿಸಲಿ.